ಗಾಡಿ ಬ್ಯಾಡಂದ ಪಾರಿಸಪ್ಪ

ಚಟ್ಟಕ್ಕೆ ಹಗ್ಗ ಬಿಗಿಯುತ್ತಿದ್ದ ಧರ್ಮರಾಜ ತಲೆ ಎತ್ತಿ, "ಆ ಫೋನ್ ಬಂದ್ ಮಾಡವ್ವ ಮಾನಸಿ," ಎಂದ.

ಅದು ಅವನ ಅಣ್ಣ ಪಾರಿಸಪ್ಪನ ಫೋನು. ಮುಂಜಾನೆ ಸ್ನಾನ ಮಾಡಿ ಬಂದು ಕುರ್ಚಿಯಲ್ಲಿ ಕುಳಿತ ಪಾರಿಸಪ್ಪ ಮತ್ತೆ ಏಳಲಿಲ್ಲ. ಆಗಿನಿಂದ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಮಾನಸಿ ಬಂದ್ ಮಾಡಲಿಲ್ಲ, ಎತ್ತಿದಳು.

"ಅಣ್ಣಾರ, ಗಲಗಲಿ ಅಮಸಿದ್ದಪ್ಪ ಮಾತಾಡಾಕತ್ತೇನ್ರಿ. ನಮ್ಮ ತಮ್ಮಗ ಮುಧೋಳದಾಗ ಒಂದು ಹಳೀ ಗಾಡಿ ಸಿಕ್ಕೈತಿ. ನೀವು ನೋಡಿ ಹೂಂ ಅಂದ್ರಷ್ಟ ತಗೊಂತಾನಂತ."

"ನಾ ಅವರ ಮಗಳ್ರಿ. ಅಪ್ಪ ಮುಂಜಾನಿ ತೀರಿಕೊಂಡ."

"ನಿನ್ನೆ ಮಾತಾಡಿದ್ರಲ್ರೀ," ಎಂದ ಅಮಸಿದ್ದಪ್ಪ. "ಅವ್ವನ್ನ ಕರಕೊಂಡು ಬರ್ತೇನ್ರಿ."

ಪಾರಿಸಪ್ಪನನ್ನು ಜಮಖಂಡಿಯಿಂದ ತೇರದಾಳಕ್ಕೆ ಒಯ್ಯಬೇಕಿತ್ತು. ಅಲ್ಲಿ ಸ್ವಂತ ಹೊಲದಲ್ಲಿ, ಹೊತ್ತು ಮುಳುಗುವುದರೊಳಗೆ ಎಲ್ಲ ಮುಗಿಯಬೇಕು. ಬಂದಿದ್ದ ವ್ಯಾನಿನಲ್ಲಿ ಹೆಣಕ್ಕೂ ನಾಲ್ಕು ಗಂಡಸರಿಗೂ ಮಾತ್ರ ಜಾಗ. ಪಾರಿಸಪ್ಪ ಕಾರು ಮಾರುತ್ತಿದ್ದ ಶೋರೂಮಿನ ಮ್ಯಾನೇಜರ್ ಶಿವಪುತ್ರ ಹಾರ ಹಿಡಿದು ನಿಂತಿದ್ದ.

"ನಮ್ಮ ಗಾಡಿ ಬನಹಟ್ಟಿಗೆ ಹೋಗೇತ್ರಿ. ನಾಲ್ಕಕ್ಕ ಬರತೈತಿ, ಹೆಣ್ಮಕ್ಕಳು ಅದರಾಗ ಬರಲಿ."

"ಅದು ತೇರದಾಳ ಮುಟ್ಟೂದ್ರಾಗ ಎಲ್ಲಾ ಮುಗದಿರತೈತ್ರಿ," ಎಂದ ಧರ್ಮರಾಜ.

ಮಾನಸಿ ಬಾಗಿಲ ಬಳಿ ಕುಳಿತ ತಾಯಿಯನ್ನು ನೋಡಿದಳು. ಹೀರಾ ವ್ಯಾನಿನ ಕಡೆಗೇ ನೋಡುತ್ತಿದ್ದಳು.

*

ಹೋದ ದೀಪಾವಳಿಯಲ್ಲಿ ಮಾನಸಿ ಊಟಕ್ಕೆ ಕುಳಿತಿದ್ದ ಅಪ್ಪನ ಮುಂದೆ ಅಂದುಬಿಟ್ಟಿದ್ದಳು: "ಇಪ್ಪತ್ತೆರಡು ವರ್ಷ ಊರಿಗೆಲ್ಲಾ ಗಾಡಿ ಮಾರೀದಿ. ಅವ್ವ ಇನ್ನೂ ಬಸ್ಸಿನ್ಯಾಗ ನಿಂತ್ಕೊಂಡು ತವರಿಗೆ ಹೊಕ್ಕಾಳ. ನಿನ್ನ ಹಿಂದ ಸೇರಿದವ್ರೆಲ್ಲಾ ಮ್ಯಾನೇಜರ್ ಆದ್ರು."

ಪಾರಿಸಪ್ಪ ನಕ್ಕು, "ಬರೂ ವರ್ಷ ನೋಡೂಣು," ಎಂದಿದ್ದ. ಆದರೆ ಎರಡನೆಯ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ.

*

"ಗಲಗಲಿ ಅಮಸಿದ್ದಪ್ಪ ಅನ್ನವರು ಯಾರ್ರಿ?" ಮಾನಸಿ ಶಿವಪುತ್ರನನ್ನು ಕೇಳಿದಳು.

ಅವನು ಹಾರವನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. "ಅವರ ಸಂಬಂಧ ನಿಮ್ಮ ಅಪ್ಪಗ ನಾ ಬೈದಿದ್ದೆ, ತಂಗಿ."

*

ಮೂರು ವರ್ಷದ ಹಿಂದೆ ಅಮಸಿದ್ದಪ್ಪ ಶೋರೂಮಿನಲ್ಲಿದ್ದ ಎಲ್ಲಕ್ಕಿಂತ ಎತ್ತರದ ಗಾಡಿಗೆ ಬೆರಳು ಮಾಡಿ, "ಇದ ಬೇಕು," ಎಂದಿದ್ದ. ಶಿವಪುತ್ರ ಆಗಲೇ ಪೇಢೆ ತರಿಸಿದ್ದ.

"ಗಾಡ್ಯಾಗ ಹೆಚ್ಚಿಗಿ ಯಾರು ಕುಂಡ್ರವರ್ರಿ?" ಎಂದು ಕೇಳಿದ್ದು ಪಾರಿಸಪ್ಪ.

"ನಮ್ಮವ್ವ. ವಾರಕ್ಕೊಮ್ಮೆ ಜಮಖಂಡಿ ದವಾಖಾನಿಗೆ ತರಬೇಕ್ರಿ."

"ಹಂಗಾರ ಗಾಡಿ ಅವರ ಮನಿಗೇ ಒಯ್ಯೂಣು, ಹತ್ತಿ ನೋಡಲಿ."

ಗಲಗಲಿಯಲ್ಲಿ ಅಮಸಿದ್ದಪ್ಪನ ತಾಯಿ ಸೋಮವ್ವ ಗಾಡಿ ಹತ್ತಲು ಮೂರು ಸಲ ಪ್ರಯತ್ನಿಸಿದಳು. ಮಂಡಿ ಮೇಲೆ ಏಳಲಿಲ್ಲ. ಮಗನ ಮುಖ ನೋಡಲಾಗದೆ, "ನಾ ಮನ್ಯಾಗ ಇರ್ತೇನಿ, ನೀವ ತಿರಗ್ಯಾಡ್ರಿ," ಎಂದು ಕಟ್ಟೆಯ ಮೇಲೆ ಕುಳಿತಳು.

ಪಾರಿಸಪ್ಪ ಗಾಡಿಯ ಬಾಗಿಲು ಮುಚ್ಚಿದ. "ಈ ಗಾಡಿ ಬ್ಯಾಡ್ರಿ ನಿಮಗ. ಮಹಾಲಿಂಗಪುರದಾಗ ಒಬ್ಬರು ತಮ್ಮ ಸಣ್ಣ ಗಾಡಿ ಮಾರಾಕತ್ತಾರ. ತೆಳಗ ಐತಿ, ಛಲೋ ಇಟ್ಟಾರ. ನಾ ಬಂದು ನೋಡಿ ಕೊಡಸ್ತೇನಿ."

ಆ ತಿಂಗಳ ಗುರಿಗೆ ಒಂದೇ ಗಾಡಿ ಕಡಿಮೆ ಬಿತ್ತು. ಎಲ್ಲರೆದುರು ಶಿವಪುತ್ರ ಕೂಗಾಡಿದ. ಪಾರಿಸಪ್ಪ ಕೇಳಿಸಿಕೊಂಡು, "ಆ ಮುದುಕಿ ಹತ್ತಲಾರದ ಗಾಡಿ ನಾ ಹೆಂಗ ಮಾರ್ಲಿ, ಸಾಹೇಬ್ರ?" ಎಂದಷ್ಟೇ ಹೇಳಿ ತನ್ನ ಮೇಜಿಗೆ ಹೋದ.

*

"ಮುಂದ ಆ ಊರಿಂದ ಏಳು ಮಂದಿ ಬಂದ್ರು," ಎಂದ ಶಿವಪುತ್ರ. "ನಾ ಮಾತಾಡ್ಸಿದ್ರ ಮಾತಾಡ್ತಿರ್ಲಿಲ್ಲ. ಪಾರಿಸಪ್ಪಣ್ಣ ಎಲ್ಲಿ ಅಂತಿದ್ರು. ಅವ ಬ್ಯಾಡ ಅನ್ನೂದನ್ನೂ ಹೇಳ್ತಾನ, ಅದಕ್ಕ ಅವ ಹೂಂ ಅಂದದ್ದು ಖರೆ ಅಂತಿದ್ರು."

"ಇದನ್ನ ಅಪ್ಪಗ ಹೇಳಿದ್ರೇನ್ರಿ ನೀವು?"

ಶಿವಪುತ್ರ ಹಾರದ ಹೂಗಳನ್ನು ಸರಿಪಡಿಸತೊಡಗಿದ. ದೀಪಾವಳಿಯಲ್ಲಿ ತಾನು ಅಂದದ್ದು ಮಾನಸಿಗೆ ನೆನಪಾಯಿತು.

ಹೆಣವನ್ನು ವ್ಯಾನಿಗೆ ಏರಿಸುವಾಗ ಬೀದಿಯ ತುದಿಯಲ್ಲಿ ಒಂದು ಸಣ್ಣ ಬಿಳಿ ಗಾಡಿ ಬಂದು ನಿಂತಿತು. ಕಂಬಳಿ ಹೆಗಲಿಗೆ ಹಾಕಿಕೊಂಡ ಗಂಡಸು ಇಳಿದ. ಹಿಂದಿನ ಬಾಗಿಲಿನಿಂದ ಮುದುಕಿಯೊಬ್ಬಳು ಯಾರ ಸಹಾಯವೂ ಇಲ್ಲದೆ ಇಳಿದಳು. ಅಮಸಿದ್ದಪ್ಪ ಹೆಣದ ಕಾಲಿಗೆ ಹಣೆ ಹಚ್ಚಿ ಬಂದು ಧರ್ಮರಾಜನಿಗೆ, "ಅಕ್ಕಾರನ್ನ ನಾ ಕರಕೊಂಡು ಬರ್ತೇನ್ರಿ," ಎಂದ.

ವ್ಯಾನು ಹೊರಟಿತು. ಮಾನಸಿ ತಾಯಿಯನ್ನು ಎಬ್ಬಿಸಿ ಗಾಡಿಯವರೆಗೆ ನಡೆಸಿದಳು. ಹೀರಾ ಬಸ್ಸಿಗೆ ಹತ್ತುವವಳಂತೆ ಒಂದು ಕಾಲು ಒಳಗಿಟ್ಟಳು, ತಲೆ ಬಗ್ಗಿಸಿದಳು. ಆಮೇಲೆ ಒಳಗೂ ಹೋಗಲಾಗದೆ ಹೊರಗೂ ಬರಲಾಗದೆ ನಿಂತಳು.

ಸೋಮವ್ವ ಅವಳ ತೋಳು ಹಿಡಿದಳು. "ಕಾಲು ಹೊರಗ ತಗಿಯವ್ವ. ಮೊದ್ಲ ಕುಂಡ್ರು, ಆಮ್ಯಾಲ ಎರಡೂ ಕಾಲು ಒಳಗ ತಗೋ. ನಿನ್ನ ಗಂಡ ನನಗ ಹಂಗ ಹೇಳಿಕೊಟ್ಟಾನ."

ಹೀರಾ ಮುದುಕಿಯ ಮುಖ ನೋಡಿದಳು. ಕಾಲು ಹೊರತೆಗೆದು ಸೀಟಿನ ಅಂಚಿಗೆ ಕುಳಿತಳು. ಎರಡೂ ಕೈಯಿಂದ ಮಂಡಿ ಹಿಡಿದು, ಮೆಲ್ಲಗೆ ತಿರುಗಿ, ಕಾಲುಗಳನ್ನು ಒಳಗೆ ತೆಗೆದುಕೊಂಡಳು. ಹೊರಗೆ ಜೋತಾಡುತ್ತಿದ್ದ ಸೀರೆಯ ಅಂಚನ್ನು ಮಾನಸಿ ಬಗ್ಗಿ ಎತ್ತಿ, ತಾಯಿಯ ಮಡಿಲಿಗೆ ಹಾಕಿ, ಬಾಗಿಲು ಮುಚ್ಚಿದಳು.