ಹೊನ್ನೂರಮ್ಮನ ಹೋತ

ಎರ್ರೆಪ್ಪ ಬದುಕಿದ್ದಾನೆ ಎಂಬ ಸುದ್ದಿ ಕುರುಗೋಡಿಗೆ ಹತ್ತಿಯ ಬಂಡಿಯ ಜೊತೆ ಬಂತು. ಬಳ್ಳಾರಿಗೆ ಹತ್ತಿ ಹಾಕಿ ಬಂದ ಹುಲುಗಪ್ಪ ಎತ್ತಿನ ಕೊರಳ ಹಗ್ಗ ಬಿಚ್ಚುವ ಮೊದಲೇ ಹೊನ್ನೂರಮ್ಮನ ಬಾಗಿಲಿಗೆ ಬಂದು, "ಯಕ್ಕಾ, ನಿನ್ನ ಗಂಡನ್ನ ಕೌಲ್ ಬಜಾರಿನಾಗ ಕಣ್ಣಾರೆ ಕಂಡೆ" ಎಂದ.

"ಮತ್ತ ಯಾಕ ಕರಕೊಂಡು ಬರಲಿಲ್ಲೋ?"

ಹುಲುಗಪ್ಪ ನೆಲ ನೋಡಿದ. "ಅಲ್ಲೇ ಒಬ್ಬಾಕಿ ಕೂಡ ಸಂಸಾರ ಮಾಡ್ಯಾನ. ಇಲ್ಲಿಗೆ ಬರಾಂಗಿಲ್ಲಂತ."

ಪಟಾಲಂ ಸೇರಿ ಬರ್ಮಾಕ್ಕೆ ಹೋದವನು ಮಾಡುವ ಕೆಲಸವೇ ಇದು? ಯುದ್ಧ ಮುಗಿದು ಇನ್ನೊಂದು ಸುಗ್ಗಿ ಬಂದರೂ ಈ ಹೆಂಗಸು ದಿನಾ ಸಂಜೆ ಮೊಣಕಾಲೂರಿ, "ಕರ್ತನೇ, ಆತನ್ನ ಜೀವಂತ ತಂದು ಕೊಡು, ಸುಗ್ಗಿ ಹಬ್ಬಕ್ಕ ನನ್ನ ಹೋತ ನಿನಗ" ಎಂದು ಬೇಡುತ್ತಿದ್ದಳು. ಅವಳ ಅವ್ವ ಊರಮ್ಮನಿಗೆ ಹರಕೆ ಹೊರುತ್ತಿದ್ದ ಮಾತೇ ಅದು. ಹೊನ್ನೂರಮ್ಮ ಕ್ರೈಸ್ತಳಾಗಿ ದೀಕ್ಷಾಸ್ನಾನ ಪಡೆದು ವರ್ಷಗಳು ಕಳೆದರೂ ನಾಲಿಗೆ ಬೇರೆ ಮಾತು ಕಲಿತಿರಲಿಲ್ಲ. ದೇವರು ಬದಲಾಗಿದ್ದ, ವ್ಯಾಪಾರ ಅದೇ ಇತ್ತು.

ಮರುದಿನವೇ ಉಪದೇಶಿ ದಾನಿಯೇಲಪ್ಪ ಬಂದ. ಕೇರಿಯ ಪ್ರಾರ್ಥನಾ ಮಂದಿರದಲ್ಲಿ ಬೈಬಲ್ ಓದುವವನು ಅವನೇ, ಸುಗ್ಗಿ ಹಬ್ಬದ ಕಾಣಿಕೆಗಳ ಹರಾಜು ಕೂಗುವವನೂ ಅವನೇ. ಸಮಾಧಾನ ಹೇಳಲು ಬಂದನೇನೋ ಅಂದುಕೊಂಡರೆ, ಮಹಾರಾಯನ ಕಣ್ಣು ಹೋತದ ಮೇಲೆ.

"ನಿನ್ನ ಪ್ರಾರ್ಥನಿ ಕೇಳ್ಯಾನಮ್ಮ ದೇವರು. ಜೀವಂತ ಅದಾನಲ್ಲ? ಭಾನುವಾರ ಸುಗ್ಗಿ ಹಬ್ಬಕ್ಕ ಹೋತ ಹೊಡಕೊಂಡು ಬಾ."

"ನನಗ ಕೊಡು ಅಂದಿದ್ದೆ ಅಯ್ಯನೋರೆ. ಕೌಲ್ ಬಜಾರಿನಾಕಿಗೆ ಕೊಡು ಅಂದಿದ್ದಿಲ್ಲ!"

"ಹಂಗನಬಾರ್ದಮ್ಮ. ಎಲ್ಲಾ ದೇವರ ಚಿತ್ತ. ನಾವು ತಲಿ ಬಾಗಬೇಕು."

ಅಬ್ಬಬ್ಬಾ, ಆಗ ನೋಡಬೇಕಿತ್ತು ಹೊನ್ನೂರಮ್ಮನನ್ನು! "ಯಾವ ಚಿತ್ತ? ಎರ್ರೆಪ್ಪ ಮಾಡಿದ ಹಲ್ಕಟ್ ಕೆಲಸಾನ ಒಯ್ದು ದೇವರ ತಲಿಗೆ ಕಟ್ತೀರಿ? ನಾಚಿಕಿ ಆಗಂಗಿಲ್ಲೇನ್ರಿ? ಎದ್ದು ನಡೀರಿ ಮೊದಲು!"

ಉಪದೇಶಿ ಚಪ್ಪಲಿಯನ್ನೂ ಮರೆತು ನಡೆದ. ಅವನ ಮೇಲಿನ ಸಿಟ್ಟು ಸಂಜೆಗೆ ಇಳಿಯಿತು. ಗಂಡನ ಮೇಲಿನದು ಇಳಿಯಲಿಲ್ಲ, ದೇವರ ಮೇಲಿನದಂತೂ ಕುದಿಯುತ್ತಲೇ ಇತ್ತು. ಅದಕ್ಕಿಂತ ಹೊಟ್ಟೆ ಉರಿಸಿದ್ದು ಇನ್ನೊಂದು. ಇಷ್ಟಾದರೂ ಆ ಹಾಳಾದವನು ಬಂದು ಬಾಗಿಲಲ್ಲಿ ನಿಂತರೆ ಸಾಕು ಎಂದು ಅವಳ ಜೀವ ಬಯಸುತ್ತಿತ್ತು. ಮೊಣಕಾಲೂರಿದಳು, ಮಾತೇ ಹೊರಡಲಿಲ್ಲ. ಬೇಡುವುದೆಂದರೆ ಏನಾದರೂ ಕೊಡುತ್ತೇನೆ ಅನ್ನಬೇಕು, ಹೋತ ಬಿಟ್ಟರೆ ಮನೆಯಲ್ಲಿ ಏನಿತ್ತು?

ಭಾನುವಾರ ಮಂದಿರದಲ್ಲಿ ಜೋಳದ ತೆನೆ, ಕುಂಬಳಕಾಯಿ, ಕಾಲು ಕಟ್ಟಿದ ಕೋಳಿ ಸಾಲಾಗಿದ್ದವು. ಹೊನ್ನೂರಮ್ಮ ಹೋತವನ್ನು ಎಳೆದುಕೊಂಡೇ ಒಳಗೆ ಬಂದಳು. ಉಪದೇಶಿಯ ಮುಖ ಅರಳಿತು.

"ಎಲ್ಲರ ಮುಂದ ಸಾಕ್ಷಿ ಹೇಳಮ್ಮ, ಪ್ರಾರ್ಥನಿ ಕೇಳಿದ್ದಕ್ಕ."

ಅವಳು ಅವನತ್ತ ತಿರುಗಿಯೂ ನೋಡದೆ ಮೊಣಕಾಲೂರಿದಳು.

"ತಂದೀ, ಈ ಹೋತ ನಿನಗ ಕೂಲಿ ಅಲ್ಲ. ನಾ ಕೇಳಿದ್ದು ನೀ ಕೊಡಲಿಲ್ಲ. ನಿನ್ನ ಮ್ಯಾಲೆ ಸಿಟ್ಟೈತಿ, ಮುಚ್ಚಿಡಾಂಗಿಲ್ಲ. ಆತ ಬೇಕು ಅನ್ನಾದು ಇನ್ನೂ ಹೋಗಿಲ್ಲ ನನಗ. ಶಿಲುಬಿ ಏರೋ ಹಿಂದಿನ ರಾತ್ರಿ ನಿನ್ನ ಮಗನೂ ತೋಟದಾಗ ಬೆವತು, ಈ ಸಂಕಟ ತಪ್ಪಿಸು ಅಂತ ಬೇಡಿಕೊಂಡ, ಆಮ್ಯಾಲೆ ನಿನ್ನ ಚಿತ್ತ ಅಂದ. ನಾನೂ ಬೇಡೀನಿ. ಇನ್ನ ಇದು ಕೊಡ್ತೀನಿ, ಅದು ಕೊಡು ಅನ್ನಾಂಗಿಲ್ಲ. ಈ ಆಸಿ ಹಿಡಕೊಂಡಿರಾಕ ನನ್ನ ಕೈಲಿ ಆಗವಲ್ದು, ನೀನ ಇಟಗೋ. ನಿನ್ನ ಚಿತ್ತ ಆಗ್ಲಿ. ನಿಂದು. ಎರ್ರೆಪ್ಪಂದಲ್ಲ, ಅಯ್ಯನೋರದೂ ಅಲ್ಲ."

ಹೋತ ಕಾಣಿಕೆಯ ತೆನೆಗೆ ಬಾಯಿ ಹಾಕಿತು. ಹೊನ್ನೂರಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಜನರ ಕಡೆ ತಿರುಗಿದಳು.

"ಆಮೆನ್ ಅನ್ನಾಕ ಏನ್ ದಾಡಿ ಆಗೈತಿ ನಿಮಗ?"