ಮನೆ ಮಾತಿನ ಕ್ಲಾಸು

ಧರ್ಮಪುರಿಯ ಹೊರಗೆ, ಸೇಲಂ ರಸ್ತೆಯ ಮೇಲಿರುವ ಆ ಖಾಸಗಿ ಕಾಲೇಜಿನಲ್ಲಿ ಭಾಷಾ ಕೇಂದ್ರ ಅಂತ ಒಂದು ಕೋಣೆ ಇದೆ. ಮೊದಲು ಅಲ್ಲಿ ಮುರಿದ ಕ್ಯಾರಂ ಬೋರ್ಡುಗಳನ್ನು ಪೇರಿಸಿಡುತ್ತಿದ್ದರು, ಈಗ ಚಂದ್ರಿಕಾ ಕೂರುತ್ತಾಳೆ. ಕೇಂದ್ರದ ಸಂಯೋಜಕಿ ಅವಳೇ, ಗುಮಾಸ್ತೆ ಅವಳೇ, ಫ್ಯಾನು ನಿಂತರೆ ಎಲೆಕ್ಟ್ರಿಷಿಯನ್ನಿಗೆ ಫೋನ್ ಮಾಡುವವಳೂ ಅವಳೇ. ಸ್ಪೋಕನ್ ಇಂಗ್ಲಿಷಿಗೆ ಮೂರು ಬ್ಯಾಚು, ಹಿಂದಿಗೆ ಒಂದು, ನರ್ಸಿಂಗ್ ಮುಗಿಸಿ ವಿದೇಶಕ್ಕೆ ಹಾರುವವರಿಗೆ ಜರ್ಮನ್ ಒಂದು. ಇವಕ್ಕೆಲ್ಲ ವೇಳಾಪಟ್ಟಿ ಹಾಕಿ, ಪಾಠ ಮಾಡುವವರನ್ನು ಹುಡುಕಿ, ಸರ್ಟಿಫಿಕೇಟಿಗೆ ಸಹಿ ಹಾಕಿಸುವಷ್ಟರಲ್ಲಿ ಅವಳಿಗೆ ಸಾಕುಬೇಕಾಗುತ್ತಿತ್ತು. ಆದರೆ ಕೆಲಸ ಅವಳ ಮನಸ್ಸಿಗೆ ಹಿಡಿದದ್ದು. ಬೈದುಕೊಂಡೇ ಮಾಡುವಳು, ಭಾನುವಾರ ಬಂದರೆ ಯಾಕಾದರೂ ರಜೆಯೋ ಅನ್ನುವಳು.

ಈ ವರ್ಷ ಅವಳು ಇನ್ನೊಂದು ಕೇಳಿಕೊಂಡಿದ್ದಳು: ಆರು ತಿಂಗಳ ಕನ್ನಡ ಸರ್ಟಿಫಿಕೇಟ್ ಕೋರ್ಸು. ಚಂದ್ರಿಕಾ ಮೆಟ್ಟೂರಿನ ಕಡೆಯ ಹಳ್ಳಿಯವಳು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಒಬ್ಬಳೇ ಕೂತು ಕನ್ನಡ ಅಕ್ಷರ ತಿದ್ದಿ, ಅಂಚೆಯ ಮೂಲಕ ಎಂ.ಎ. ಮುಗಿಸಿದವಳು. ತನ್ನದೇ ಮಾತು ಮೊದಲ ಸಲ ಕಾಗದದ ಮೇಲೆ ಕಂಡ ಆ ವರ್ಷದ ಖುಷಿ ಅವಳಿಂದ ಇನ್ನೂ ಇಳಿದಿರಲಿಲ್ಲ. ಅದನ್ನು ನಾಲ್ಕು ಜನಕ್ಕೆ ಹಂಚಬೇಕು, ಅಷ್ಟೇ ಅವಳ ಆಸೆ.

ಪ್ರಾಂಶುಪಾಲ ನಾಗರಾಜನ್ ಶಂಕಗಿರಿಯವರು. ಅವರ ಬಾಯಲ್ಲಿ ತಮಿಳು ಇಲ್ಲವೇ ಇಂಗ್ಲಿಷು, ಎರಡೂ ಇಸ್ತ್ರಿ ಹಾಕಿದ ಹಾಗೆ. ಕೋರ್ಸಿಗೆ ಒಪ್ಪಿದರು, ಆದರೆ ನಿಯಮ ನಿಯಮವೇ. “ಇಪ್ಪತ್ತೈದು ಜನ. ಈ ಶನಿವಾರ ಮಧ್ಯಾಹ್ನ ಹನ್ನೆರಡು ಗಂಟೆಯೊಳಗೆ. ಒಬ್ಬರು ಕಮ್ಮಿಯಾದರೂ ಕೋರ್ಸಿಲ್ಲ,” ಎಂದು ತಮಿಳಿನಲ್ಲಿ ಹೇಳಿ ಕಳಿಸಿದ್ದರು. ಹೋದ ವರ್ಷ ಇಪ್ಪತ್ತಮೂರಕ್ಕೆ ನಿಂತ ಫ್ರೆಂಚ್ ಕೋರ್ಸನ್ನು ಅವರು ಹೀಗೆಯೇ ಎತ್ತಿಬಿಟ್ಟಿದ್ದರು.

ಸೋಮವಾರಕ್ಕೆ ಸೇರಿದವರು ಒಂಬತ್ತು ಜನ. ಒಂಬತ್ತೂ ತಮಿಳು ಮನೆಯ ಮಕ್ಕಳು, ಹೊಸೂರಿನ ಕಂಪನಿಗಳಲ್ಲಿ ಕೆಲಸಕ್ಕೆ ಅನುಕೂಲವಾಗಲಿ ಅಂತ ಬಂದವರು. ಕನ್ನಡ ಮನೆಯವರು ಎಲ್ಲಿ ಹೋದರು? ಚಂದ್ರಿಕಾ ದಾಖಲಾತಿ ಪುಸ್ತಕ ತೆಗೆಸಿ ನೋಡಿದಳು. ಸಾವಿರದ ನಾನೂರು ವಿದ್ಯಾರ್ಥಿಗಳಲ್ಲಿ ಮಾತೃಭಾಷೆ ಕನ್ನಡ ಎಂದು ಬರೆಸಿದವರು ಮೂರೇ ಮೂರು. ಅವಳಿಗೆ ರೇಗಿಹೋಯಿತು. ಮೆಟ್ಟೂರಿನಿಂದ ಬರುವ ಕಾಲೇಜು ಬಸ್ಸಿನಲ್ಲಿ ಹಿಂದಿನ ಸೀಟುಗಳ ತುಂಬ ಬೆಳಗಾಗೆದ್ದು ನಡೆಯುವ ಜಗಳ, ನಗೆ, ಚಾಡಿ ಎಲ್ಲ ಯಾವ ಭಾಷೆಯಲ್ಲಿ ಅಂತ ಅವಳಿಗೆ ಗೊತ್ತಿಲ್ಲವೇ?

ಮಂಗಳವಾರ ಮಟ್ಟ ತಿಳಿಯುವ ಪರೀಕ್ಷೆ. ಯಾರು ಯಾವ ಹಂತದಲ್ಲಿ ಕೂರಬೇಕು ಅಂತ ಗೊತ್ತು ಮಾಡಲು ಅವಳೇ ತಯಾರಿಸಿದ್ದು. ಹೆಡ್‌ಫೋನು ಹಾಕಿಕೊಂಡು ಧ್ವನಿಮುದ್ರಣ ಕೇಳಬೇಕು, ಕೇಳಿದ ಪ್ರಶ್ನೆಗೆ ಬಾಯಲ್ಲೇ ಉತ್ತರ ಕೊಡಬೇಕು. ಕಂಬೈನಲ್ಲೂರಿನ ಸತ್ಯಾ ಎಂಬ ಬಿ.ಕಾಂ. ಹುಡುಗಿ, ಗೆಳತಿ ಎಳೆತಂದಳು ಅಂತ ಬಂದವಳು, ಅರ್ಧ ನಿಮಿಷ ಕೇಳಿ ಹೆಡ್‌ಫೋನು ಕೆಳಗಿಟ್ಟಳು. “ಎನಕ್ಕು ಕನ್ನಡಂ ತೆರಿಯಾದು ಮೇಡಂ,” ಎಂದು ತಮಿಳಿನಲ್ಲೇ ಹೇಳಿ ಎದ್ದು ನಡೆದಳು. ಚಂದ್ರಿಕಾ ಅವಳ ಹೆಸರಿನ ಮುಂದೆ ಸೊನ್ನೆ ಹಾಕಿದಳು.

ಅದೇ ಸಾಯಂಕಾಲ ಗೇಟಿನ ಬಳಿ ಬಸ್ಸಿಗೆ ನಿಂತಾಗ ಬೆನ್ನ ಹಿಂದೆ ಯಾರೋ ಫೋನಿನಲ್ಲಿ ಗದರುತ್ತಿದ್ದರು.

“ಅವ್ವಾ, ನಾನ್ ಬೆಳಿಗ್ಗೇನೇ ಏಳ್ಲಿಲ್ವಾ, ಕರಿ ಎಮ್ಮೇನ ಬಿಸ್ಲಲ್ಲಿ ಕಟ್ಬ್ಯಾಡ ಅಂತ? ಈಗ ಮೇವು ತಿಂತಾ ಇಲ್ಲ ಅಂದ್ರೆ ನಾನೇನ್ ಮಾಡ್ಲಿ? ಸೀಕ್ರಂ ಡಾಕ್ಟ್ರಿಗೆ ಫೋನ್ ಮಾಡು. ಅಳ್ಬ್ಯಾಡ ಸುಮ್ಕಿರು, ಏನೂ ಆಗಲ್ಲ, ನಾನ್ ಬತ್ತಾ ಇವ್ನಿ.”

ಚಂದ್ರಿಕಾ ತಿರುಗಿ ನೋಡಿದರೆ ಅದೇ ಸತ್ಯಾ!

“ಏನಮ್ಮಾ, ಕನ್ನಡ ಬರಲ್ಲ ಅಂದ್ಯಲ್ಲ?”

ಹುಡುಗಿ ನಾಲಿಗೆ ಕಚ್ಚಿಕೊಂಡಳು. “ಅಯ್ಯೋ, ಇದು ಕನ್ನಡ ಅಲ್ಲ ಮೇಡಂ. ಇದು ನಮ್ ಮನೆ ಮಾತು. ಕನ್ನಡ ಅಂದ್ರೆ ನೀವು ಕೇಳ್ಸುದ್ರಲ್ಲ, ಟಿ.ವೀಲಿ ನ್ಯೂಸ್ ಓದಂಗೆ, ಅದು. ಅದ್ಕೆ ಇಂಗೆ ಉತ್ರ ಏಳಿದ್ರೆ ನೀವು ನಗಲ್ವಾ?”

ಚಂದ್ರಿಕಾಳಿಗೆ ಮೊದಲು ನಗು ಬಂತು. ಆಮೇಲೆ ನೆನಪಾಯಿತು. ಆ ನ್ಯೂಸ್ ಓದುವ ದನಿ ಬೇರೆ ಯಾರದೂ ಅಲ್ಲ, ಅವಳದೇ. ‘ದಯವಿಟ್ಟು ತಮ್ಮ ಕುಟುಂಬದ ಪರಿಚಯವನ್ನು ಮಾಡಿಕೊಡಿ’ ಎಂದು ನಾಲ್ಕು ಸಲ ತಪ್ಪಿ, ಐದನೆಯ ಸಲ ಸರಿಯಾಗಿ ಹೇಳಿ ಮುದ್ರಿಸಿದ್ದಳು. ತಾನೂ ತನ್ನ ಅವ್ವನಿಗೆ ಫೋನ್ ಮಾಡಿದರೆ ಮಾತಾಡುವುದು ಸತ್ಯಾಳ ಹಾಗೆಯೇ. ತರಗತಿಯ ಬಾಗಿಲಿಗೆ ಬರುವ ಹೊತ್ತಿಗೆ ಮಾತ್ರ ಆ ಮಾತನ್ನು ಚಪ್ಪಲಿಯ ಜೊತೆ ಹೊರಗೆ ಬಿಡುವುದು ರೂಢಿಯಾಗಿಬಿಟ್ಟಿತ್ತು. ಒಳಗೆ ಕರೆಯುವುದಕ್ಕೆ ಅಂತ ಮಾಡಿದ ಪರೀಕ್ಷೆಯಲ್ಲಿ ತಾನೇ ಬಾಗಿಲು ಹಾಕಿಕೊಂಡು ನಿಂತಿದ್ದೆ ಅನ್ನಿಸಿ ಅವಳಿಗೆ ನಾಚಿಕೆಯಾಯಿತು.

“ನಿನ್ನಂಗೆ ಮಾತಾಡೋರು ಇನ್ನೂ ಅವ್ರಾ?” ಎಂದು ಕೇಳಿದಳು, ಈ ಸಲ ಅವ್ವನ ಹತ್ತಿರ ಆಡುವ ಮಾತಿನಲ್ಲೇ.

ಸತ್ಯಾ ಕಣ್ಣರಳಿಸಿ ಅವಳನ್ನು ನೋಡಿದಳು. “ಏ, ನೀವೂ ನಮ್ಮೋರಾ ಮೇಡಂ?” ಎಂದವಳೇ ಫೋನು ತೆರೆದು ತೋರಿಸಿದಳು. ಗೆಳತಿಯರ ವಾಟ್ಸಾಪ್ ಗುಂಪು. ಮಾತೆಲ್ಲ ಕನ್ನಡ, ಅಕ್ಷರವೆಲ್ಲ ತಮಿಳು.

ಬುಧವಾರ ಚಂದ್ರಿಕಾ ಪರೀಕ್ಷೆಯನ್ನು ಕಸದ ಬುಟ್ಟಿಗೆ ಹಾಕಿದಳು. ಪಠ್ಯಕ್ರಮವನ್ನು ಎರಡು ದಾರಿ ಮಾಡಿದಳು. ಏನೂ ಬಾರದ ಒಂಬತ್ತು ಜನಕ್ಕೆ ‘ಇದು ಪುಸ್ತಕ, ಅದು ಮೇಜು’ ಸರಿ. ಎಮ್ಮೆಗಾಗಿ ಅವ್ವನ ಮೇಲೆ ರೇಗಲು ಬರುವವರಿಗೆ ಮೇಜು ಯಾಕೆ? ಅವರಿಗೆ ಮೊದಲ ದಿನದಿಂದ ಬರೀ ಅಕ್ಷರ, ಮನೆಯ ಮಾತನ್ನೇ ಬರೆಯುವುದು, ಪುಸ್ತಕದ ಕನ್ನಡ ಆಮೇಲೆ ನಿಧಾನವಾಗಿ. ಕಾಲೇಜಿನ ಪಠ್ಯ ಸಮಿತಿಗೆ ಎರಡು ಪುಟದ ವಿವರಣೆ ಬರೆದು ಕಳಿಸಿದಳು. ನಂತರ ಒಂದು ನೋಟೀಸು ಬರೆದಳು. ಮಾತು ಮನೆಯದು, ಲಿಪಿ ತಮಿಳಿನದು:

‘ಮನೇಲಿ ಅವ್ವನ್ ತಾವ ಎಂಗ್ ಮಾತಾಡ್ತೀರೋ ಅಂಗೇ ಮಾತಾಡೋರು ಬನ್ನಿ. ಇಲ್ಲಿ ಯಾರೂ ನಗಲ್ಲ. ಮಾತು ನಿಮ್ತಾವ ಐತೆ, ಅಕ್ಷರ ನಮ್ತಾವ ಐತೆ. ಪರೀಕ್ಷೆ ಇಲ್ಲ. ಇದ್ನ ಓದಿ ಅರ್ಥ ಆದೋರೆಲ್ಲ ಪಾಸು.’

ಗುರುವಾರ ನೋಟೀಸ್ ಬೋರ್ಡಿನ ಮುಂದೆ ಜಾತ್ರೆ. ತಮಿಳು ಹುಡುಗರು ಓದಿ ಓದಿ ತಲೆ ಕೆರೆದುಕೊಂಡರು. ಅಕ್ಷರ ಗೊತ್ತು, ತಲೆಬುಡ ಇಲ್ಲ. ಪಕ್ಕದಲ್ಲಿ ನಿಂತ ಕೆಲವರು ಮಾತ್ರ ಕಿಸಕ್ಕೆಂದು ನಕ್ಕು, ನಕ್ಕದ್ದನ್ನು ಯಾರಾದರೂ ನೋಡಿದರೋ ಎಂದು ಅತ್ತಿತ್ತ ನೋಡಿ, ಒಬ್ಬರಿಗೊಬ್ಬರು ಸಿಕ್ಕಿಬಿದ್ದರು. ಎರಡು ವರ್ಷ ಒಂದೇ ಬೆಂಚಿನಲ್ಲಿ ಕೂತು ತಮಿಳಿನಲ್ಲಿ ಹರಟಿದ ಇಬ್ಬರು ಹುಡುಗಿಯರು ‘ಲೇ, ನೀನೂನಾ?’ ಎಂದು ಒಬ್ಬರ ಬೆನ್ನಿಗೊಬ್ಬರು ಗುದ್ದಿಕೊಂಡರು. ಸತ್ಯಾ ಎಲ್ಲರನ್ನೂ ಕೈಹಿಡಿದು ಭಾಷಾ ಕೇಂದ್ರಕ್ಕೆ ತಂದು ಬಿಟ್ಟಳು. ಶುಕ್ರವಾರ ಸಂಜೆಗೆ ಸತ್ಯಾಳದೂ ಸೇರಿ ಹದಿನೈದು ಹೊಸ ಹೆಸರು. ಮೊದಲಿನ ಒಂಬತ್ತು ಕೂಡಿದರೆ ಇಪ್ಪತ್ನಾಲ್ಕು.

ಶನಿವಾರ ಅರ್ಧ ದಿನ. ಚಂದ್ರಿಕಾ ಬೆಳಗ್ಗೆಯಿಂದ ಬಾಗಿಲು ತೆರೆದಿಟ್ಟು ಕಾದಳು. ಒಬ್ಬರೂ ಬರಲಿಲ್ಲ. ಹನ್ನೆರಡಕ್ಕೆ ಹತ್ತು ನಿಮಿಷ ಇದ್ದಾಗ ಪಟ್ಟಿ ಹಿಡಿದು ಪ್ರಾಂಶುಪಾಲರ ಕೋಣೆಗೆ ಹೋದಳು.

ನಾಗರಾಜನ್ ಬೆರಳಿಟ್ಟು ಎಣಿಸಿದರು. “ಟ್ವೆಂಟಿ ಫೋರ್,” ಎಂದರು. ಆಮೇಲೆ ತಮಿಳಿನಲ್ಲಿ, “ಫ್ರೆಂಚ್ ಮೇಡಂ ಇದೇ ಕುರ್ಚಿಯಲ್ಲಿ ಕೂತು ಅತ್ತರು. ನಿಮಗೆ ಬಿಟ್ಟುಕೊಟ್ಟರೆ ಅವರ ಮುಖ ಹೇಗೆ ನೋಡಲಿ?”

ಮಾತು ನ್ಯಾಯವೇ. ಅದಕ್ಕೇ ಚಂದ್ರಿಕಾಳಿಗೆ ಇನ್ನಷ್ಟು ಸಂಕಟ. ಕಿಸಕ್ಕೆಂದು ನಕ್ಕ ಆ ಹದಿನೈದು ಮುಖಗಳಿಗೆ ಸೋಮವಾರ ಏನು ಹೇಳುವುದು? ಮತ್ತೆ ಅವರು ಬಾಯಿ ಬಿಡುವುದುಂಟೇ? ಸರಿ ಸಾರ್ ಎಂದು ಎದ್ದಳು.

“ಒಂದು ಖಾಲಿ ಫಾರ್ಮ್ ಕೊಡಿ,” ಎಂದರು ನಾಗರಾಜನ್.

ಫೈಲಿಗೆ ಲಗತ್ತಿಸಲು ಇರಬೇಕು ಎಂದುಕೊಂಡು ಅವಳು ಕೊಟ್ಟಳು. ಅವರು ಪೆನ್ನು ತೆಗೆದು ಮೊದಲ ಸಾಲಿನಲ್ಲಿ ತಮ್ಮ ಹೆಸರು ಬರೆದರು, ಹುದ್ದೆ ಬರೆದರು. ಸಿಬ್ಬಂದಿ ಸೇರಬಾರದು ಅಂತ ಯಾವ ನಿಯಮದಲ್ಲೂ ಇರಲಿಲ್ಲ. ಚಂದ್ರಿಕಾ ಗಡಿಬಿಡಿಯಾಗಿ ತಮಿಳಿನಲ್ಲಿ, “ಸಾರ್, ನಿಮಗೆ ಹೊಸದಾಗಿ ಭಾಷೆ ಕಲಿಯುವುದು ಕಷ್ಟ ಆಗಬಹುದು, ನನಗೋಸ್ಕರ…” ಎಂದು ತೊದಲಿದಳು.

“ಕುಂತ್ಕೊಳಮ್ಮ,” ಎಂದರು ನಾಗರಾಜನ್.

ಅವಳು ದಢಕ್ಕನೆ ಕೂತಳು.

“ನಿನ್ನೆ ನಿನ್ ನೋಟೀಸ್ ಓದ್ಬುಟ್ಟು ಒಬ್ನೇ ನಿಂತ್ಕಂಡು ನಕ್ಕೆ. ಆಮ್ಯಾಲೆ ಮನೇಗೋದ್ರೆ ಅನ್ನ ಇಳೀಲಿಲ್ಲ.” ಅವರ ಕನ್ನಡ ತಡೆತಡೆದು ಬರುತ್ತಿತ್ತು, ಆದರೆ ಬರುತ್ತಿತ್ತು. “ನಮ್ಮವ್ವ ತೀರ್ಕಂಡು ಆರು ವರ್ಸ ಆತು. ನಮ್ಮನೆಯೋಳು ತಮಿಳು, ಮಕ್ಳೂ ತಮಿಳು. ಅವತ್ತಿಂದ ಈ ಮಾತ್ನ ಆಡಾಕೆ ನಂಗೆ ಯಾರೂ ಇಲ್ಲ.”

ಚಂದ್ರಿಕಾಳ ಕಣ್ಣು ತುಂಬಿತು. ಆದರೆ ಅವಳೂ ಮೆಟ್ಟೂರಿನ ಕಡೆಯವಳು, ಅಷ್ಟಕ್ಕೆ ಬಿಡುವವಳಲ್ಲ.

“ಸೋಮವಾರ ನಾಕ್ ಗಂಟೆಗೆ ಕ್ಲಾಸಿಗೆ ಬಂದ್ಬುಡಿ. ಆದ್ರೆ ಅಲ್ಲಿ ನಿಮ್ನ ಸಾರ್ ಅನ್ನಕಾಗಲ್ಲ.”

“ಮತ್ತೇನಂತೀಯಾ?”

“ನಾಗರಾಜಣ್ಣ ಅಂತೀನಿ.”

ನಾಗರಾಜನ್ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದರು. ಬಹಳ ಹೊತ್ತು ಒರೆಸಿದರು.

“ಅನ್ನು ತಾಯಿ, ಅನ್ನು,” ಎಂದರು. ಆಮೇಲೆ ಫಾರ್ಮಿನ ಮೇಲೆ ಮೊಹರು ಒತ್ತಿ ಅವಳ ಕೈಗೆ ಕೊಟ್ಟರು.