ಸೋಮವಾರ ಮೈ ತೊಳೆದ ಲಾರಿ

ಎರಡನೇ ಮಹಾಯುದ್ಧ ಮುಗಿದ ಮರುವರ್ಷ ವಿರೂಪಾಕ್ಷಪ್ಪಗೌಡರು ಹರಾಜಿನಲ್ಲಿ ಒಂದು ಹಳೇ ಮಿಲಿಟರಿ ಲಾರಿ ಹಿಡಿದು ತಂದರು. ಯಲಬುರ್ಗಾ ಮುಟ್ಟಿದ್ದೇ ತಡ, ಅದು ಅವರ ಮನೆಯ ಮೂರನೇ ಎತ್ತಾಯಿತು. ಸೋಮವಾರ ಬಸವಣ್ಣನ ವಾರ, ನೊಗ ಹೂಡುವಂತಿಲ್ಲ. ಎತ್ತುಗಳ ಮೈ ತೊಳೆದಾದ ಮೇಲೆ ಗೌಡರು ಲಾರಿಯ ಬಾನೆಟ್ ಎತ್ತಿ ಅದಕ್ಕೂ ಕೊಡಗಟ್ಟಲೆ ನೀರು ಸುರಿಯುತ್ತಿದ್ದರು. ಮಂಗಳವಾರ ಅದು ಚಾಲೂ ಆಗುತ್ತಿರಲಿಲ್ಲ.

ಆಗ ಮೆಕ್ಯಾನಿಕ್ ಉಮರಸಾಬ ಬಂದು ಪ್ಲಗ್ಗು ಬಿಚ್ಚಿ, ಒರೆಸಿ, ಬಿಸಿಲಿಗಿಟ್ಟು, ಬಾಯಿಗೆ ಬಂದಂತೆ ಬೈಯುತ್ತಿದ್ದ.

"ಒಳಗ ನೀರು ಹೊಕ್ಕರ ಕಿಡಿ ಹತ್ತಂಗಿಲ್ರಿ ಗೌಡ್ರ!"

"ದಂಡಿನ್ಯಾಗ ದುಡದು ಬಂದೈತಿ. ಮೈ ತೊಳದ್ರ ತಪ್ಪೇನೋ?"

ಕೋಣನ ಮುಂದೆ ಕಿನ್ನರಿ! ಜಗಳ ಮುಗಿದ ಮೇಲೆ ಇಬ್ಬರೂ ಕಟ್ಟೆಯ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದರು.

ಉಮರಸಾಬನ ತಾಯಿಯಿಲ್ಲದ ಮಗಳು ತಾಜಬೀಯ ನಿಕಾಹ್ ಒಂದು ಮಂಗಳವಾರ, ಬೇವೂರಿನ ಗಂಡಿನ ಮನೆಯಲ್ಲಿ ಗೊತ್ತಾಯಿತು. ಬೀಗರು ಮೊದಲೇ ಸಿಡುಕರು; ಮಧ್ಯಾಹ್ನದ ನಮಾಜಿನೊಳಗೆ ಬರದಿದ್ದರೆ ಮದುವೆಯೇ ಇಲ್ಲ ಎಂದಿದ್ದರು. ದಿಬ್ಬಣ ಹೋಗಬೇಕಾದ್ದು ಗೌಡರ ಲಾರಿಯಲ್ಲೇ.

"ಈ ಒಂದು ಸೋಮವಾರ ನೀರು ಹಾಕಬ್ಯಾಡ್ರಿ, ಕೈ ಮುಗೀತೀನಿ."

ಗೌಡರು ಒಪ್ಪಿದರು. ಆದರೆ ಆ ದಿನ ಮನಸ್ಸು ತಡೆಯಲಿಲ್ಲ. ಎತ್ತಿ ಆಡಿಸಿದ ಹುಡುಗಿ ಕೊಳಕು ಲಾರಿಯಲ್ಲಿ ಗಂಡನ ಮನೆಗೆ ಹೋಗುವುದೆ? ಎರಡೆರಡು ಸಲ ತೊಳೆದರು.

ಮರುದಿನ ಮದುಮಗಳು ಹತ್ತಿ ಕೂತಳು, ಲಾರಿ ಮಾತ್ರ ಜಪ್ಪಯ್ಯ ಎಂದರೂ ಚಾಲೂ ಆಗಲಿಲ್ಲ. ಪ್ಲಗ್ಗು ಬಿಚ್ಚಿ ಒಣಗಿಸಲು ಹೊತ್ತಿರಲಿಲ್ಲ. ಉಮರಸಾಬ ಬೈಯಲೂ ಇಲ್ಲ, ಕಣ್ಣೊರೆಸಿಕೊಂಡ.

"ಬೈಯಪಾ, ಏನರೆ ಬೈಯಿ!" ಎನ್ನುತ್ತ ಗೌಡರು ತಮ್ಮ ಎತ್ತುಗಳನ್ನೇ ತಂದು ಲಾರಿಯ ಮುಂದೆ ಕಟ್ಟಿದರು.

ಊರಾಚೆಯ ಇಳಿಜಾರಿನಲ್ಲಿ, ಸ್ಟೇರಿಂಗ್ ಹಿಡಿದು ಕೂತಿದ್ದ ಉಮರಸಾಬ ಗೇರು ಹಾಕಿದ. ಲಾರಿ ಕೆಮ್ಮಿತು, ಗುಡುಗಿತು. ಬೆನ್ನ ಹಿಂದಿನ ಗುಡುಗಿಗೆ ಎತ್ತುಗಳು ಬೆದರಿ ಓಡಿದವು. ಲಾರಿ ನಿಲ್ಲಿಸಿದರೆ ಮತ್ತೆ ಚಾಲೂ ಆಗುವ ನಂಬಿಕೆಯಿಲ್ಲ. ಪಕ್ಕದಲ್ಲೇ ಓಡುತ್ತಿದ್ದ ಗೌಡರು ಕುಡಗೋಲಿನಿಂದ ಹಗ್ಗ ಕಡಿದರು. ಎತ್ತುಗಳು ಜೋಳದ ಹೊಲ ಹೊಕ್ಕವು.

"ನಿಲ್ಲಿಸಬ್ಯಾಡ, ನಡಿ! ಎತ್ತಿನ ಚಿಂತಿ ನನಗಿರ್ಲಿ!"

ನಮಾಜಿಗೆ ಮೊದಲೇ ಲಾರಿ ಬೇವೂರು ಮುಟ್ಟಿತು, ನಿಕಾಹ್ ಆಯಿತು. ಗೌಡರಿಗೆ ಅದನ್ನು ನೋಡುವ ಯೋಗವಿರಲಿಲ್ಲ. ಸಂಜೆಯವರೆಗೂ ಎತ್ತು ಹುಡುಕುತ್ತಿದ್ದರು.

ಮುಂದಿನ ಸೋಮವಾರ ಅವರು ಬರೀ ಗಾಲಿ ತೊಳೆದರು. ಮಂಗಳವಾರ ಉಮರಸಾಬ ನಟ್ಟು ಬಿಚ್ಚುವ ಪಾನಾ ಹಿಡಿದು ಬರುವಷ್ಟರಲ್ಲಿ ಲಾರಿ ಹ್ಯಾಂಡಲಿನ ಒಂದೇ ತಿರುವಿಗೆ ಚಾಲೂ ಆಗಿ ನಿಂತಿತ್ತು. ಬಿಚ್ಚುವುದಕ್ಕೂ ಇಲ್ಲ, ಬೈಯುವುದಕ್ಕೂ ಇಲ್ಲ. ಮಗಳಿಲ್ಲದ ಮನೆಗೆ ತಿರುಗಿ ಹೋಗಲು ಅವನಿಗೆ ಕಾಲೇಳಲಿಲ್ಲ. ಒಣ ಬಾನೆಟ್ಟನ್ನು ಸವರುತ್ತ ಹೇಳಿದ:

"ಒಂದು ತಂಬಿಗಿ ನೀರರೆ ಹಾಕಬೇಕಿತ್ರಿ ಗೌಡ್ರ."